ಕೊಟೇಶನ್

ಕೋಲಾರದ ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯುವವನು ನಾನು.
ಸಾಹುಕಾರ ಬ್ಯಾಟಪ್ಪನವರು ಬೆಳಿಗ್ಗೆ ಬೀಡ ಹಾಕಿಕೊಳ್ಳುತ್ತ ಅಂದರು:
ವಾಕಿಟಾಕಿ ಹೊಸದು ತಗೊಳಾಣ, ರೇಟು ಕೇಳು.

ಎರಡು ಕಾಗದ ಬಂದವು.
ಅನಲಾಗ್, ಸೆಟ್ಟಿಗೆ ಎರಡು ಸಾವಿರದ ನಾನೂರು.
ಡಿಜಿಟಲ್, ಹನ್ನೆರಡು ಸಾವಿರ. ಜಿಎಸ್‌ಟಿ ಬೇರೆ.

ರೂಪಾಯಿ ಇಲ್ಲಿ ಯಾರ ಕಿವಿಗೂ ಇಳಿಯುವುದಿಲ್ಲ,
ಬಾಕ್ಸಿನಲ್ಲಿ ಹೇಳಬೇಕು.
ಬಾಕ್ಸು ಮುನ್ನೂರಿದ್ದ ದಿನ
ಇದಕ್ಕೆ ಎಂಟು, ಅದಕ್ಕೆ ನಲವತ್ತು.
ಅರವತ್ತಕ್ಕೆ ಬಿದ್ದ ದಿನ
ಇದಕ್ಕೇ ನಲವತ್ತು, ಅದಕ್ಕೆ ಇನ್ನೂರು.
ಎರಡು ಸಾವಿರ ಮುಟ್ಟಿತ್ತಲ್ಲ, ಆ ಆಷಾಢದಲ್ಲಾಗಿದ್ದರೆ
ಆರೇ ಬಾಕ್ಸು! ಕಣ್ಣು ಮುಚ್ಚಿ ತರಿಸುತ್ತಿದ್ದರು.
ಆಗ ಕೇಳುವ ಪುರುಸೊತ್ತು ಯಾರಿಗಿತ್ತು,
ರಾಶಿಗೊಬ್ಬ ಕಾವಲು ಕೂತಿದ್ದ.

ಕ್ಲಾಕ್ ಟವರ್ ಹಿಂದೆ ಸನಾವುಲ್ಲಾರ ಅಂಗಡಿ.
ಸೀಸದ ಹೊಗೆಯಲ್ಲಿ ಕಣ್ಣು ಕಿರಿದು ಮಾಡಿ
ನಮ್ಮ ಹಳೆಯ ಸೆಟ್ಟಿನ ಹೊಟ್ಟೆ ಬಿಚ್ಚಿದ್ದರು.
‘ನೋಡಿ, ಇದು ದೂರ ಹೋದಂಗೆ ಗೊರಗೊರ ಅಂತದೆ,
ಹೋಗ್ತಿದೀನಿ, ಹೋಗ್ತಿದೀನಿ ಅಂತ ಹೇಳಿ ಹೋಗ್ತದೆ.
ಡಿಜಿಟಲ್ಲು ಹಂಗಲ್ಲ.
ಕೊನೇ ಕಂಬದವರೆಗೂ ಪಕ್ಕದಾಗೇ ನಿಂತಂಗೆ,
ಇನ್ನೊಂದು ಹೆಜ್ಜೆ ಇಟ್ರಿ, ಇಲ್ಲ.’
ಯಾವುದು ತಗೊಳ್ಳಲಿ ಅಂದೆ.
‘ನಾನು ರಿಪೇರಿಯವನು, ಕೆಡೋದನ್ನೇ ತಗೊಳ್ಳಿ ಅಂತೀನಿ’
ಎಂದು ನಕ್ಕರು.
‘ಇದು ಕೆಟ್ರೆ ಮೂವತ್ತು ರೂಪಾಯಿ ಸಾಮಾನು.
ಅದು ಕೆಟ್ರೆ ಬೋರ್ಡು. ಬೋರ್ಡು ಬರೋಕೆ ತಿಂಗಳು.
ಆ ದುಡ್ಡಿಗೆ ಇವು ಮೂರು ಬರ್ತವೆ.’

ಎರಡು ಡಿಜಿಟಲ್ ಸೆಟ್ಟು ಎರಡು ದಿನದ ಮಟ್ಟಿಗೆ ಬಂದವು.
ಒಂದು ನನ್ನ ಕೈಗೆ, ಒಂದು ಗೇಟಿನ ಮುನಿರತ್ನಮ್ಮನಿಗೆ.
ಸುಳ್ಳು ಹೇಳಬಾರದು, ಅಂಕಿ ಎಷ್ಟು ಸ್ಪಷ್ಟ!
ಅರವತ್ತಾರು ಅಂದದ್ದನ್ನು ಅರವತ್ತೇಳು ಎಂದು ಬರೆದು
ಒಂದು ಬಾಕ್ಸಿನ ದುಡ್ಡು ಸಂಬಳದಲ್ಲಿ ಹೋಗಿತ್ತು ನನಗೆ,
ಆ ಗೊರಗೊರದ ದೆಸೆಯಿಂದಲೇ.

ಆದರೆ ಮಂಡಿ ಎಲ್ಲಿ?
ಹಳೆಯದರಲ್ಲಿ ಅವಳ ಮಾತಿನ ಬೆನ್ನಿಗೆ
ಹಿಂದಕ್ಕೆ ಬರುವ ಲಾರಿಯ ಕುಯ್‌ಕುಯ್,
ಹಮಾಲರ ಬೈಗುಳ, ಟೀ ಹುಡುಗನ ಲೋಟಗಳು.
ಮದನಪಲ್ಲಿ ಗಾಡಿ ಅಂತ ಅವಳು ಬಾಯಿಬಿಡುವ ಮೊದಲೇ
ಹಾರನ್ನಿನಲ್ಲೇ ಗೊತ್ತಾಗುತ್ತಿತ್ತು.
ಇದರಲ್ಲಿ ಅವಳೊಬ್ಬಳೇ,
ತೊಳೆದು ಬೋರಲು ಹಾಕಿದ ಹಂಡೆಯೊಳಗೆ ಕೂತು ಮಾತಾಡಿದ ಹಾಗೆ.
ಕೆಮ್ಮಿದರೆ ಮಾತ್ರ
ನೀರಿನಡಿ ಯಾರೋ ಬಕೆಟ್ಟು ಬಡಿದಂತೆ. ಕೆಮ್ಮು ಅದಕ್ಕೆ ಗೊತ್ತಿಲ್ಲ.

ಮಧ್ಯಾಹ್ನ ಬೈಪಾಸ್ ಕಡೆಗೆ ಹೋದವಳು
‘ಇಲ್ಲೊಬ್ಬ ಹುಡುಗ ಲಾರಿ ಕೆಳಗೆ’ ಅಂದಳು.
ಅಷ್ಟೇ.
ಗೊರಗೊರ ಇಲ್ಲ, ಉಸಿರಿಲ್ಲ.
ಪೆನ್ನು ಕಿವಿಯಲ್ಲೇ ಇತ್ತು, ಚಪ್ಪಲಿ ಒಂದು ಎಲ್ಲೋ ಬಿತ್ತು,
ಕೊಳೆತ ಹಣ್ಣಿನ ಮೇಲೆ ಜಾರಿ ಎದ್ದು ಓಡಿದೆ.
ಅವಳು ಬನ್ನು ಅದ್ದಿಕೊಂಡು ಟೀ ಕುಡಿಯುತ್ತಿದ್ದಳು.
ಹುಡುಗ ಲಾರಿ ಕೆಳಗೆ ಬಿದ್ದ ಹಣ್ಣು ಆರಿಸುತ್ತಿದ್ದನಂತೆ,
ಬಿಡಲೋ ಬೇಡವೋ ಎಂದು ಕೇಳಿದ್ದಳಂತೆ.
‘ನೀನ್ಯಾಕೆ ಬಂದೆ?’

ಈ ಓಟವನ್ನು ಯಾವ ಕಾಗದದಲ್ಲಿ ಸೇರಿಸಲಿ,
ಜಿಎಸ್‌ಟಿಯ ಮೇಲೋ, ಕೆಳಗೋ.

ಸಾಹುಕಾರರು ಕೊನೆಗೆ ಎರಡು ಡಿಜಿಟಲ್ ತಗೊಂಡರು,
ತಮಗೊಂದು, ಅಳಿಯನಿಗೊಂದು.
ಇಪ್ಪತ್ತನಾಲ್ಕು ಸಾವಿರ;
ಅವತ್ತು ಬಾಕ್ಸು ಇನ್ನೂರ ನಲವತ್ತು, ಸರಿಯಾಗಿ ನೂರು.
ಉಳಿದ ನಾಲ್ಕು ಹಳೆಯವೇ.
ಹಳೆಯವರ ಹತ್ತಿರ ಮಾತಾಡಬೇಕಾದರೆ
ಹೊಸದೂ ಅನಲಾಗಿಗೆ ಇಳಿಯಬೇಕಂತೆ,
ದಿನಾ ಬೆಳಿಗ್ಗೆ ತಿರುಗಿಸಿಕೊಡುವುದು ನನ್ನ ಕೆಲಸ.
ಹನ್ನೆರಡು ಸಾವಿರದ್ದೂ ಗೊರಗೊರ ಅನ್ನುತ್ತದೆ.
ಸಾಹುಕಾರರಿಗೆ ಹೇಳಿಲ್ಲ, ಪರದೆ ಚೆನ್ನಾಗಿ ಬೆಳಗುತ್ತದೆ, ಅವರಿಗೆ ಸಾಕು.

ಮುನಿರತ್ನಮ್ಮನ ಸೆಟ್ಟಿಗೆ ಬ್ಯಾಟರಿ ನಿಲ್ಲದೆ ರಬ್ಬರ್ ಬ್ಯಾಂಡು ಸುತ್ತಿದೆ.
ಲಾರಿ, ಹಮಾಲರು, ಲೋಟಗಳು, ಆಮೇಲೆ ಅವಳು:
ಅರವತ್ತಾರು.
ಕೇಳಿಸ್ತಾ?
ಆರು. ಏಳಲ್ಲ. ಅರವತ್ತು, ಆರು.